ಸಂದಿನ ಮೇಲೆ ಸಂದು ಬರಬಾರದು

ಓದಿದ್ದು ಸಿವಿಲ್, ಕೆಲಸ ಸಾಫ್ಟ್‌ವೇರ್. ನನ್ನ ಹಾಗೆ ಬೆಂಗಳೂರಿನಲ್ಲಿ ಎಷ್ಟು ಜನ ಇದ್ದಾರೋ ಲೆಕ್ಕ ಇಲ್ಲ. ಪುತ್ತೂರಿನ ಹತ್ತಿರದ ನಮ್ಮ ಹಳೇ ಮನೆ ರಿಪೇರಿ ಮಾಡಿಸೋಣ ಎಂದು ಅಪ್ಪ ಹೊರಟಾಗ, "ನಕ್ಷೆಗೆ ಯಾಕೆ ದುಡ್ಡು ಕೊಡ್ತೀರಿ, ನಾನೇ ಮಾಡ್ತೇನೆ" ಎಂದೆ. ಕಾಲೇಜಿನಲ್ಲಿ ಕಲಿತ ಆಟೋಕ್ಯಾಡ್ ಕೈಯಲ್ಲಿ ಇನ್ನೂ ಇದೆ ಎಂಬ ಜಂಬ.

ಎರಡು ಶನಿವಾರ ಕೂತು ಪ್ಲ್ಯಾನ್ ಮುಗಿಸಿದೆ. ಉಳಿಸಿಕೊಳ್ಳುವ ಮುರಕಲ್ಲಿನ ಗೋಡೆಗಳಿಗೆ ಕಪ್ಪು ಓರೆಗೆರೆ, ತೆಗೆಯಬೇಕಾದ ಗೋಡೆಗೆ ಹಳದಿ ಓರೆಗೆರೆ. ತೆಗೆಯುವ ಭಾಗಕ್ಕೆ ಹಳದಿ ಗೆರೆ ಹಾಕುವುದು ನಮ್ಮಲ್ಲಿ ಇರುವ ಪದ್ಧತಿಯೇ, ಅದರಲ್ಲಿ ತಪ್ಪಿಲ್ಲ. ಆದರೆ ಎರಡಕ್ಕೂ ನಾನು ಬಳಸಿದ್ದು ಒಂದೇ ಹ್ಯಾಚ್, ಎಎನ್‌ಎಸ್‌ಐ 31. ಬಣ್ಣ ಮಾತ್ರ ಬೇರೆ. ಪಿಡಿಎಫ್ ಅನ್ನು ಅಪ್ಪನ ವಾಟ್ಸಾಪಿಗೆ ಕಳಿಸಿದೆ. ಅಪ್ಪ ಪೇಟೆಯಲ್ಲಿ ಪ್ರಿಂಟ್ ತೆಗೆಸಿದರು. ಕಪ್ಪು-ಬಿಳುಪಿನಲ್ಲಿ!

ಮುಂದಿನದ್ದು ನಿಮಗೆ ಗೊತ್ತಾಗಿರಬಹುದು. ಅಪ್ಪ ತೋಟದಲ್ಲಿದ್ದರು, ಅಮ್ಮ ಚಿಕ್ಕಮ್ಮನ ಮನೆಗೆ ಹೋಗಿದ್ದರು. ಮೇಸ್ತ್ರಿ ಕಾಗದ ನೋಡಿ, ಓರೆಗೆರೆ ಇದ್ದ ಗೋಡೆ ಕೆಡವಿಸಿದ್ದಾರೆ. ಚಾವಡಿಗೂ ಅಡುಗೆಮನೆಗೂ ನಡುವಿನ ಗೋಡೆ. ಮಾಡಿನ ಭಾರ ಅದರ ಮೇಲಿರಲಿಲ್ಲ, ಅಷ್ಟು ಪುಣ್ಯ. ಆದರೆ ಅಜ್ಜ ತನ್ನ ಕೈಯಾರೆ ಕೆತ್ತಿದ ದೀಪದ ಗೂಡು ಇದ್ದದ್ದು ಅದರಲ್ಲೇ. ಅಪ್ಪ ಫೋನಿನಲ್ಲಿ ಬೈಯಲಿಲ್ಲ. "ಮೇಸ್ತ್ರಿದು ತಪ್ಪಿಲ್ಲ ಮಾರಾಯ, ಕಾಗದದಲ್ಲಿ ಎರಡೂ ಒಂದೇ ಥರ ಉಂಟು" ಎಂದರು. ಬೈದಿದ್ದರೆ ಒಳ್ಳೆಯದಿತ್ತು.

ಶುಕ್ರವಾರ ರಾತ್ರಿ ಬಸ್ಸಿಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ಊರಿಗೆ ಹೋದೆ. ಗೋಡೆ ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಬೇಕು, ಈ ಸಲ ನಕ್ಷೆ ನೋಡಿದರೆ ಕಲ್ಲು ಕಲ್ಲೇ ಕಾಣಬೇಕು ಎಂದು ಹಟ ಹತ್ತಿತ್ತು. ಆಟೋಕ್ಯಾಡಿನಲ್ಲಿ ಬ್ರಿಕ್ ಎಂಬ ಸಿದ್ಧ ಹ್ಯಾಚ್ ಇದೆಯಲ್ಲ, ಅದನ್ನೇ ದೊಡ್ಡದು ಮಾಡಿದರಾಯ್ತು ಅಂದುಕೊಂಡೆ. ಆಗುವುದಿಲ್ಲ. ಅದರಲ್ಲಿ ಇಟ್ಟಿಗೆಯ ಉದ್ದ ಎತ್ತರದ ಎರಡರಷ್ಟು. ಸ್ಕೇಲ್ ಎಷ್ಟು ಹೆಚ್ಚಿಸಿದರೂ ಆ ಪ್ರಮಾಣ ಬದಲಾಗದು. ನಮ್ಮ ಮುರಕಲ್ಲು ಸಂದು ಸೇರಿ 400 ಮಿ.ಮೀ. ಉದ್ದ, 240 ಮಿ.ಮೀ. ಎತ್ತರ. ಉಳಿದ ಗೋಡೆಯನ್ನು ಟೇಪ್ ಹಿಡಿದು ಅಳೆದೇ ಹೇಳುತ್ತಿದ್ದೇನೆ.

ಹಾಗಾಗಿ ಹ್ಯಾಚ್ ನಾವೇ ಬರೆಯಬೇಕು. ಹೆದರುವಂಥದ್ದು ಏನಿಲ್ಲ, ನೋಟ್‌ಪ್ಯಾಡ್ ಸಾಕು. ಮೊದಲ ಸಾಲಿನಲ್ಲಿ ನಕ್ಷತ್ರ ಚಿಹ್ನೆ ಹಾಕಿ ಹ್ಯಾಚಿನ ಹೆಸರು. ಫೈಲಿಗೂ ಅದೇ ಹೆಸರು, ಕೊನೆಗೆ ಡಾಟ್ ಪ್ಯಾಟ್. ಆಮೇಲೆ ಒಂದೊಂದು ಬಗೆಯ ಗೆರೆಗೆ ಒಂದೊಂದು ಸಾಲು: ಗೆರೆಯ ಕೋನ, ಅದು ಶುರುವಾಗುವ ಜಾಗದ ಎಕ್ಸ್ ಮತ್ತು ವೈ, ಮುಂದಿನ ಗೆರೆ ಎಷ್ಟು ಸರಿಯಬೇಕು, ಎಷ್ಟು ದೂರದಲ್ಲಿರಬೇಕು. ಗೆರೆ ತುಂಡು ತುಂಡಾಗಿರಬೇಕಾದರೆ ಕೊನೆಗೆ ಅದರ ಅಳತೆ. ಧನ ಸಂಖ್ಯೆ ಇದ್ದರೆ ಗೆರೆ ಬೀಳುತ್ತದೆ, ಋಣ ಇದ್ದರೆ ಖಾಲಿ ಬಿಡುತ್ತದೆ, ಸೊನ್ನೆಗೆ ಒಂದು ಚುಕ್ಕಿ.

ಕಲ್ಲಿನ ಸಾಲುಗಳ ಅಡ್ಡಗೆರೆ ಸುಲಭ:

0, 0,0, 0,240

ನಿಂತ ಸಂದುಗಳಿಗೆ ಹೀಗೆ ಬರೆದೆ:

90, 0,0, 200,240, 240,-240

ತುಂಬಿಸಿ ನೋಡಿದರೆ ಗೋಡೆಯಲ್ಲ, ಮೆಟ್ಟಿಲು! ಸಂದುಗಳು ಅಡ್ಡಗೆರೆಯನ್ನು ಸೀಳಿಕೊಂಡು ಮೇಲೆ ಮೇಲೆ ಹತ್ತಿಕೊಂಡು ಹೋಗಿವೆ. ಚಹಾ ಹಿಡಿದುಕೊಂಡು ಹಿಂದೆ ನಿಂತಿದ್ದ ಅಪ್ಪ, "ಇದೆಂತದು ಮಾರಾಯ? ಸಂದಿನ ಮೇಲೆ ಸಂದು ಬರಬಾರದು ಅಂತ ಮೇಸ್ತ್ರಿಯ ಕೂಲಿಯಾಳಿಗೂ ಗೊತ್ತುಂಟು. ಇಲ್ಲಿ ಸಂದು ಸಾಲನ್ನೇ ದಾಟಿ ಹೋಗಿದೆಯಲ್ಲ" ಎಂದರು.

ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ಸರಿಯುವ ಅಳತೆಯನ್ನು ನಾನು ಪರದೆಯ ಅಡ್ಡಕ್ಕೆ ಲೆಕ್ಕ ಹಾಕಿದ್ದೆ. ಆಟೋಕ್ಯಾಡ್ ಅದನ್ನು ಹಿಡಿಯುವುದು ಗೆರೆಯ ದಿಕ್ಕಿನಲ್ಲೇ. ಗೆರೆ ನಿಂತಿದ್ದರೆ ಸರಿಯುವುದು ಮೇಲಕ್ಕೆ, ದೂರ ಅಂದರೆ ಪಕ್ಕಕ್ಕೆ. ಅಂದರೆ ಒಂದು ಸಾಲಿನಷ್ಟು, 240, ಮೇಲೆ ಸರಿದು, ಅರ್ಧ ಕಲ್ಲಿನಷ್ಟು, 200, ಪಕ್ಕಕ್ಕೆ ಹೋಗಬೇಕು:

90, 0,0, 240,200, 240,-240

ಅಷ್ಟೇ. ಎರಡು ಅಂಕಿ ಅದಲು ಬದಲು. ಸಂದು ಒಂದು ಸಾಲಿನಲ್ಲಿ ಬಿದ್ದು ಮೇಲಿನ ಸಾಲಿನಲ್ಲಿ ಕಲ್ಲಿನ ನಡುವಿಗೆ ಬಂತು. ಸಿದ್ಧ ಬ್ರಿಕ್ ಹ್ಯಾಚಿನಲ್ಲಿ ನಿಂತ ಗೆರೆಗೆ ಎರಡು ಸಾಲು ಬರೆದಿದ್ದಾರೆ, ನನಗೆ ಒಂದರಲ್ಲೇ ಮುಗಿಯಿತು. ಸಾಫ್ಟ್‌ವೇರಿನವನಿಗೆ ಇಂಥದ್ದರಲ್ಲೇ ಖುಷಿ, ಬಿಡಿ.

ಮಾಡುವವರಿಗೆ ಇನ್ನೊಂದು ಕಿವಿಮಾತು. ಕೊನೆಯ ಸಾಲಿನ ನಂತರ ಎಂಟರ್ ಒತ್ತಿಯೇ ಸೇವ್ ಮಾಡಿ, ಇಲ್ಲದಿದ್ದರೆ ಗೋಳು. ಫೈಲ್ ಇಟ್ಟ ಫೋಲ್ಡರನ್ನು ಆಪ್ಷನ್ಸ್‌ನ ಸಪೋರ್ಟ್ ಫೈಲ್ ಸರ್ಚ್ ಪಾತ್‌ಗೆ ಸೇರಿಸಬೇಕು.

ಪ್ಲ್ಯಾನಿನಲ್ಲಿ ಉಳಿಯುವ ಗೋಡೆಗೆ ಬೇರೆ ಹ್ಯಾಚ್ ಮಾಡಿದೆ. ಓರೆಗೆರೆಯ ನಡುವೆ ಚುಕ್ಕಿಸಾಲು, ಮುರಕಲ್ಲಿನ ತೂತುಗಳ ಹಾಗೆ. ಪೇಟೆಯ ಪ್ರಿಂಟಿನಲ್ಲಿ ಚುಕ್ಕಿಗಳೆಲ್ಲ ಮಾಯ! ಸೊನ್ನೆಯ ಜಾಗಕ್ಕೆ 40 ಹಾಕಿ ಸಣ್ಣ ಗೀರು ಮಾಡಿದ ಮೇಲೆ ಕಂಡಿತು. ಈಗ ಯಾವ ಬಣ್ಣ ಹೋದರೂ ಗೋಡೆ ಉಳಿಯುತ್ತದೆ.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಬಂದರು. ಮೊದಲು ಸ್ವಲ್ಪ ಬಿಗಿಯಾಗಿಯೇ ಇದ್ದರು. ತಪ್ಪು ನನ್ನದೇ ಎಂದು ಹೇಳಿ ಗೋಡೆಯ ಹೊಸ ನಕ್ಷೆ ಕೈಗೆ ಕೊಟ್ಟೆ. ಅವರು ಪೆನ್ಸಿಲಿನ ತುದಿಯಿಂದ ಕೆಳಗಿನಿಂದ ಎಣಿಸಿದರು. "ಹನ್ನೊಂದು ಸಾಲು. ಕೆಳಗೆ ತುಂಡು ಕಲ್ಲು ಯಾಕೆ ತೋರಿಸಿದ್ದೀರಿ?" ಹೌದು, ಹ್ಯಾಚ್ ಗೋಡೆಯ ಮೂಲೆಯಿಂದ ಅಲ್ಲ, ಡ್ರಾಯಿಂಗಿನ ಸೊನ್ನೆಯಿಂದ ಶುರುವಾಗಿತ್ತು. ಅಲ್ಲೇ ಕೂತು ಮೂಲಬಿಂದುವನ್ನು ಗೋಡೆಯ ಕೆಳಮೂಲೆಗೆ ತಂದೆ. ಸರಿಯಾಗಿ ಹನ್ನೊಂದು ಇಡೀ ಸಾಲು ಬಂದವು.

ಅಪ್ಪ ಕನ್ನಡಕ ಏರಿಸಿ ಪರದೆಯ ಹತ್ತಿರ ಬಗ್ಗಿದರು. ಕೆಳಗಿನಿಂದ ಆರನೇ ಸಾಲು, ಎಡದಿಂದ ನಾಲ್ಕನೇ ಕಲ್ಲಿನ ಮೇಲೆ ಬೆರಳಿಟ್ಟರು.

"ಗೂಡು ಇದ್ದದ್ದು ಇಲ್ಲಿ" ಎಂದರು.

ಆ ಕಲ್ಲಿನ ಸುತ್ತ ಒಂದು ಚೌಕ ಬರೆದು, ಅದೊಂದನ್ನು ಖಾಲಿ ಬಿಟ್ಟು, ಗೋಡೆಗೆ ಮತ್ತೆ ಹ್ಯಾಚ್ ತುಂಬಿದೆ.