ಕಂಠಪಾಠ ಬಂದವರಿಗೆಲ್ಲ ಓದು ಬರುವುದೇ?

2023ರ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಮಂಡ್ಯ ಜಿಲ್ಲೆ ರಾಜ್ಯಕ್ಕೆ ಎರಡನೆಯದಾಗಿತ್ತು. ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂದ 2024ರಲ್ಲಿ ಹತ್ತೊಂಬತ್ತನೆಯ ಸ್ಥಾನಕ್ಕಿಳಿಯಿತು. ರಾಜ್ಯದ ಒಟ್ಟು ಫಲಿತಾಂಶವೂ ಶೇ. 83.89ರಿಂದ 73.40ಕ್ಕೆ ಕುಸಿಯಿತು, ಅದೂ ಹೆಚ್ಚುವರಿ ಕೃಪಾಂಕ ನೀಡಿದ ಮೇಲೆ. ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಮೊದಲೇ ಇದ್ದ ಕೊರತೆಯೊಂದು ಕಣ್ಣಿಗೆ ಬಿದ್ದಿತು.

ಆ ಕೊರತೆಯ ಒಂದು ಬೇರು ಓದಿನಲ್ಲಿದೆ. 26 ರಾಜ್ಯಗಳ 28 ಜಿಲ್ಲೆಗಳ ಗ್ರಾಮೀಣ ಭಾಗದಲ್ಲಿ ನಡೆದ 2023ರ ‘ಅಸರ್’ ಸಮೀಕ್ಷೆಯಂತೆ, 14ರಿಂದ 18 ವಯಸ್ಸಿನವರಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿಗೆ ಎರಡನೆಯ ತರಗತಿಯ ಪಾಠವನ್ನು ತಮ್ಮ ನುಡಿಯಲ್ಲಿಯೇ ಸರಾಗವಾಗಿ ಓದಲು ಬಾರದು.

ಇಂಥ ಮಕ್ಕಳು ಓದಲೊಲ್ಲೆವೆನ್ನುವುದು ಹೆಚ್ಚಾಗಿ ಸೋಮಾರಿತನದಿಂದಲ್ಲ, ನಾಚಿಕೆಯಿಂದ. ಒತ್ತಕ್ಷರದಲ್ಲಿ ತಡವರಿಸಿದಾಗ ತರಗತಿ ನಕ್ಕದ್ದನ್ನು ಅವರು ಮರೆಯರು. ಹದಿನೈದರ ಹುಡುಗನ ಕೈಗೆ ಒಂದನೆಯ ತರಗತಿಯ ಪುಸ್ತಕವಿತ್ತರೆ ಗಾಯ ಇನ್ನಷ್ಟು ಆಳವಾಗುತ್ತದೆ. ನಮ್ಮ ಸಮಾಜವೂ ಇಲ್ಲಿ ಆತ್ಮಾವಲೋಕನ ಮಾಡಿಕೊಳ್ಳಬೇಕು. ವಚನ ಕಂಠಪಾಠ ಸ್ಪರ್ಧೆಯಲ್ಲಿ ತಪ್ಪಿಲ್ಲದೆ ಹೇಳಿದ ಮಗುವಿಗೆ ಬಹುಮಾನ ಕೊಡುತ್ತೇವೆ. ಅದೇ ವಚನದ ಪುಟವನ್ನು ಅದು ಓದಬಲ್ಲದೇ ಎಂದು ಎಷ್ಟು ಬಾರಿ ನೋಡಿದ್ದೇವೆ?

ಆದರೆ ಆ ಕಂಠಪಾಠವೇ ದಾರಿಯೂ ಆಗಬಲ್ಲದು. ಬಾಯಿಗೆ ಬರುವ ವಚನದ ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ನುಡಿಸಿದರೆ ಬಲ್ಲ ದನಿಗೆ ಕಾಣದಿದ್ದ ಅಕ್ಷರ ಜೊತೆಯಾಗುತ್ತದೆ. ಸಾಲುಗಳು ಚಿಕ್ಕವು, ಮಾತು ದುಡಿಯುವ ಜನರದು, ವಿಷಯ ಹಿರಿಯರಿಗೂ ತಕ್ಕದ್ದು. (ಬೆಡಗಿನ ವಚನಗಳನ್ನು ಸದ್ಯಕ್ಕೆ ಬದಿಗಿಡಬಹುದು.)

ಓದಿಗೆ ಪಠ್ಯಪುಸ್ತಕವೇ ಆಗಬೇಕೆಂದಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರದ ರೈತರ ಮನೆಗಳಲ್ಲಿ ಮಳೆಗಾಲವಿಡೀ ಕನ್ನಂಬಾಡಿಯ ನೀರಿನ ಮಟ್ಟದ್ದೇ ಮಾತು, 124.80 ಅಡಿಗೆ ಎಷ್ಟು ಬಾಕಿಯೆಂಬ ಪತ್ರಿಕೆಯ ಸುದ್ದಿಯನ್ನು ಮಗನಿಂದಲೇ ಓದಿಸಬಹುದು. ಕೆ.ಆರ್. ಪೇಟೆಯ ಮಕ್ಕಳಿಗೆ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರಿದ್ದಾರೆ, ಪ್ರೇಮಗೀತೆಯೆಂದು ಹಿಂಜರಿಯಬೇಕಿಲ್ಲ, ಆ ವಯಸ್ಸಿಗೆ ಅದೇ ರುಚಿ. ನಾಗಮಂಗಲದವರಿಗೆ ತಮ್ಮ ಸೀಮೆಯ ಎಚ್.ಎಲ್. ನಾಗೇಗೌಡರು ಕೂಡಿಸಿಟ್ಟ ಜನಪದ ಸಾಹಿತ್ಯವಿದೆ. ಮೊದಲು ಹಿರಿಯರು ಓದಿ ಹೇಳಲಿ. ಕಥೆ ಕುತೂಹಲಕ್ಕೆ ಬಂದಾಗ ಪುಸ್ತಕ ಮಗುವಿನ ಕೈಗೆ ಹೋಗಲಿ.

ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಡಿ ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ. ಸದ್ಭಕ್ತರು ವಾರಕ್ಕೊಮ್ಮೆಯಾದರೂ ಮಕ್ಕಳೊಡನೆ ಹೋಗಿ ಕುಳಿತು, ಅವರು ಓದುವಾಗ ನಡುವೆ ತಿದ್ದದೆ ಕೊನೆಯವರೆಗೆ ಕೇಳಬೇಕಾಗಿ ಪ್ರಾರ್ಥನೆ.