ಎರಡು ಹಾಜರಿಪಟ್ಟಿ

ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಪೊಲೀಸ್ ಇಲಾಖೆಯ ಮೇಲೆ 2013ರಿಂದ ಇದ್ದ ಫೆಡರಲ್ ನ್ಯಾಯಾಲಯದ ಉಸ್ತುವಾರಿ 2025ರ ನವೆಂಬರಿನಲ್ಲಿ ಮುಗಿಯಿತು. ಇಲಾಖೆ ಸುಧಾರಿಸಿದೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಿದೆ. ಬಂಧನ, ತಪಾಸಣೆ, ಬಲಪ್ರಯೋಗಗಳ ಮಟ್ಟಿಗೆ ಆ ಮಾತನ್ನು ಒಪ್ಪಬಹುದು. ಉಳಿದಿರುವ ಪ್ರಶ್ನೆ ಬೇರೆ. ಪಾಳಿ ಮುಗಿದ ಮೇಲೆ ಅದೇ ಸಮವಸ್ತ್ರ, ಅದೇ ಪಿಸ್ತೂಲಿನೊಂದಿಗೆ ಬಾರು, ಹೋಟೆಲು, ಮದುವೆ ಮೆರವಣಿಗೆಗಳ ಕಾವಲಿಗೆ ನಿಲ್ಲುವ ಪೊಲೀಸರನ್ನು ಇನ್ನು ನೋಡಿಕೊಳ್ಳುವವರು ಯಾರು? ಆ ಹೊತ್ತಿನ ಕೂಲಿ ಖಾಸಗಿ ಗಿರಾಕಿಯದು. ಹಿಡಿದು ಒಳಗೆ ಹಾಕುವ ಅಧಿಕಾರ ಊರಿನದು.

ಈ ‘ಖಾಸಗಿ ಡ್ಯೂಟಿ’ ಪದ್ಧತಿ ಇಲಾಖೆಯ ಭ್ರಷ್ಟಾಚಾರದ ಮಹಾಪಧಮನಿ ಇದ್ದೀತು ಎಂಬ ಬಲ್ಲವರೊಬ್ಬರ ಮಾತನ್ನು ಅಮೆರಿಕದ ನ್ಯಾಯ ಇಲಾಖೆ 2011ರ ತನ್ನ ವರದಿಯಲ್ಲೇ ಎತ್ತಿ ಹೇಳಿತ್ತು. ಉತ್ಪ್ರೇಕ್ಷೆಯೇನಲ್ಲ. ಕೆಲಸ ಹಿಡಿದು ತಂದು ಹಂಚುತ್ತಿದ್ದವರು ಪೊಲೀಸರೇ. ಕೆಲವರು ಅದಕ್ಕೆಂದೇ ಕಂಪನಿ ತೆರೆದಿದ್ದರು. ಹಗಲು ಸೆಲ್ಯೂಟ್ ಹೊಡೆದ ಕಿರಿಯ ರಾತ್ರಿ ಮೇಲಧಿಕಾರಿಗೆ ಕೆಲಸ ಕೊಡುವ ಧಣಿ. ಮರುದಿನ ಆ ಕಿರಿಯ ತಪ್ಪು ಮಾಡಿದರೆ ಮೇಲಧಿಕಾರಿ ಎಂಥ ನೋಟಿಸು ಬರೆದಾನು? ನ್ಯಾಯಾಲಯದ ಮುಂದೆ ಆದ ಸುಧಾರಣಾ ಒಪ್ಪಂದವು ಈ ಹಂಚಿಕೆಯನ್ನು ಪೊಲೀಸರ ಕೈಯಿಂದ ತೆಗೆದು, ಪೊಲೀಸರಲ್ಲದವರು ನಡೆಸುವ ನಗರಾಡಳಿತದ ಪ್ರತ್ಯೇಕ ಕಚೇರಿಗೆ ಒಪ್ಪಿಸಿತು. ಕಾವಲು ಬೇಕಾದವರು ಅಲ್ಲಿ ಕೇಳಬೇಕು, ಹಣವನ್ನೂ ಅಲ್ಲೇ ಕಟ್ಟಬೇಕು. ಕಾಗದದ ಮೇಲೆ ಇದು ಒಳ್ಳೆಯ ಏರ್ಪಾಟು. ಬೇರೆ ಅನೇಕ ನಗರಗಳಲ್ಲಿ ಇಷ್ಟೂ ಇಲ್ಲ. ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್‌ನನ್ನು ಕೊಂದ ಪೊಲೀಸ್ ಡೆರೆಕ್ ಶೋವಿನ್ ವರ್ಷಗಟ್ಟಲೆ ನೈಟ್‌ಕ್ಲಬ್ಬಿನ ಕಾವಲಿಗೆ ನಿಂತಿದ್ದ. ಇಂಥ ಕೆಲಸಗಳಿಂದ ಬಂದ ಹಣಕ್ಕೆ ಅವನು ತೆರಿಗೆ ತಪ್ಪಿಸಿದ್ದು ಕೊಲೆಯಾದ ಮೇಲೆ ಬಯಲಾಯಿತು. 2023ರಲ್ಲಿ ತಪ್ಪೊಪ್ಪಿಕೊಂಡ.

ಆದರೂ ನ್ಯೂ ಆರ್ಲಿಯನ್ಸ್‌ನ ಒಳ್ಳೆಯ ಏರ್ಪಾಟಿಗೆ 2021ರಲ್ಲಿ ಒಂದು ಪರೀಕ್ಷೆ ಬಂತು. ಪರೀಕ್ಷಕರು ರಸಾಯನಶಾಸ್ತ್ರದ ಪ್ರಾಧ್ಯಾಪಕರೊಬ್ಬರು. ಅವರು ಸಾರ್ವಜನಿಕ ದಾಖಲೆಗಳ ಕಾನೂನಿನಡಿ ಇಲಾಖೆಯ ಹಾಜರಿಪಟ್ಟಿ ಕೇಳಿ ಪಡೆದರು. ಖಾಸಗಿ ಡ್ಯೂಟಿಯ ಹಾಜರಿಪಟ್ಟಿಯನ್ನೂ ಪಡೆದರು. ಎರಡನ್ನೂ ಅಕ್ಕಪಕ್ಕ ಇಟ್ಟರು. ಕೆಲವು ಪೊಲೀಸರು ಒಂದೇ ಹೊತ್ತಿಗೆ ಎರಡು ಕಡೆ ಹಾಜರಿದ್ದರು. ಸ್ಥಳೀಯ ಟಿವಿ ವಾಹಿನಿ ಅದನ್ನು ಊರಿಗೆ ತೋರಿಸಿತು. ಆಂತರಿಕ ತನಿಖೆ ಬಂತು, ಎಫ್‌ಬಿಐ ಬಂತು. ಹೊತ್ತು ಹೊಂದದ ಪ್ರತಿಯೊಂದು ನಮೂದೂ ಕಳ್ಳತನವಲ್ಲ, ಬರೆದುಕೊಂಡವರ ತಪ್ಪೂ ಇದ್ದೀತು. ನಮ್ಮ ತಕರಾರು ಅದಲ್ಲ. ಎರಡೂ ಪಟ್ಟಿ ನಗರಾಡಳಿತದ ಕೈಯಲ್ಲೇ ಇದ್ದವು. ಅವುಗಳ ಸುತ್ತ ನ್ಯಾಯಾಲಯ ನೇಮಿಸಿದ ನಿಗಾ ತಂಡ, ಸ್ವತಂತ್ರ ಪೊಲೀಸ್ ಮಾನಿಟರ್, ಇನ್‌ಸ್ಪೆಕ್ಟರ್ ಜನರಲ್, ಇಲಾಖೆಯದೇ ಆಂತರಿಕ ತನಿಖಾ ವಿಭಾಗ ಇಷ್ಟೂ ಇದ್ದವು. ಕೂಡಿಸಿ ನೋಡುವ ಕೆಲಸ ಮಾತ್ರ ಸಂಬಳವಿಲ್ಲದ ಒಬ್ಬರಿಗೆ ಬಿತ್ತು.

ಬಿಡುವಿನ ಹೊತ್ತು ನಮ್ಮದು, ದುಡಿಮೆ ನಮ್ಮದು ಎಂಬುದು ಪೊಲೀಸರ ವಾದ. ಹೊತ್ತು ಅವರದೇ. ಸಮವಸ್ತ್ರ ಅವರದಲ್ಲ. ಅದನ್ನು ಕಳಚಿಟ್ಟು ಬಂದವನಿಗೆ ಬಾರಿನ ಮಾಲೀಕ ಅದೇ ದರ ಕೊಡುವುದಿಲ್ಲ; ಅವನು ಕೊಳ್ಳುತ್ತಿರುವುದು ಊರಿನ ಅಧಿಕಾರವನ್ನು. ಹಾಗಿರುವಾಗ ಯಾರು, ಯಾವ ಹೊತ್ತಿನಲ್ಲಿ, ಯಾರ ಬಾಗಿಲಲ್ಲಿ, ಎಷ್ಟಕ್ಕೆ ನಿಂತಿದ್ದರು ಎಂಬುದು ಊರಿಗೆ ತಿಳಿಯಬೇಕು. ಆ ಹೊತ್ತಿನಲ್ಲಿ ಯಾರ ಮೇಲಾದರೂ ಕೈಮಾಡಿದ್ದರೆ ಅದೂ ತಿಳಿಯಬೇಕು. ಭದ್ರತೆಯ ನೆಪ ಇಲ್ಲಿ ನಿಲ್ಲುವುದಿಲ್ಲ. ನಾಳೆಯ ಕಾವಲು ಎಲ್ಲೆಂದು ಯಾರೂ ಕೇಳುತ್ತಿಲ್ಲ, ಮುಗಿದ ತಿಂಗಳ ಲೆಕ್ಕ ಸಾಕು. ಇದಕ್ಕೆ ಹೊಸ ಸಮಿತಿ ಬೇಡ, ಇನ್ನೊಬ್ಬ ಮಾನಿಟರ್ ಬೇಡ. ಇಲಾಖೆಯ ಹಾಜರಿ, ಖಾಸಗಿ ಹಾಜರಿ ಎರಡನ್ನೂ ಪ್ರತಿ ತಿಂಗಳು, ಅರ್ಜಿ ಹಾಕಿಸಿಕೊಳ್ಳದೆ, ಒಟ್ಟಿಗೆ ಪ್ರಕಟಿಸುವ ನಿಯಮವೊಂದು ಸಾಕು. ನ್ಯಾಯಾಲಯ ಹೊರಟಿದೆ. ನಿಯಮ ಮಾಡುವ ಕೆಲಸ ಈಗ ನಗರ ಮಂಡಳಿಯದು. ಅದನ್ನು ಈ ವರ್ಷವೇ ಮಾಡಲಿ.