ಕಿಸೆಯೊಳಗೆ ಕುಂತ ದಲಾಲಿ



ಬೆಂಬಲ ಬೆಲೆ, ಸಾಲ, ಆಮದು, ತೂಕದ ಮೋಸ ಇವುಗಳ ಮೇಲೆ ನಾವು ಬರೆಯುತ್ತ ಬಂದಿದ್ದೇವೆ, ಬೀದಿಗೆ ಇಳಿದು ಕೂಗುತ್ತ ಬಂದಿದ್ದೇವೆ. ಅದು ಆಗಲೇಬೇಕು. ಆದರೆ ಒಬ್ಬ ದಲಾಲಿಯ ಹೆಸರನ್ನು ಮಾತ್ರ ನಾವು ಎತ್ತುವುದಿಲ್ಲ. ಅವನಿಗೆ ಲೈಸೆನ್ಸು ಇಲ್ಲ, ಗಂಜಿನಲ್ಲಿ ಅಂಗಡಿ ಇಲ್ಲ. ಅವನು ನಮ್ಮ ಅಂಗಿಯ ಕಿಸೆಯೊಳಗೇ ಕುಂತಿದ್ದಾನೆ. ನಾವು ದರ ಮಾತಾಡುವ ಹೊತ್ತಿಗೆ ನಮ್ಮ ಕಡೆಯವನಂತೆ ಕುಂತು, ಎದುರಿನವನ ಪರವಾಗಿ ಮಾತಾಡುತ್ತಾನೆ. ತಂಬಾಕು ಅವನ ಹೆಸರು. ಅದರೊಳಗಿನ ನಿಕೋಟಿನ್ ಅವನ ಕಸುಬು.

ಊರ ಮಂದಿಯ ಮೇಲೆ ಕಲ್ಲು ಒಗೆದು ನಾನು ಸಾಚಾ ಆಗಲಾರೆ. ಮೊದಲು ನನ್ನ ಕತೆಯನ್ನೇ ಹೇಳುತ್ತೇನೆ.

ನನ್ನದು ಕಮಲಾಪುರ ತಾಲ್ಲೂಕಿನ ಹಳ್ಳಿ. ಮಳೆ ನಂಬಿದ ಹೊಲ, ತೊಗರಿ, ಕಡಲೆ. ಹೈಸ್ಕೂಲಿನಲ್ಲಿದ್ದಾಗ ಹಿಡಿದ ತಂಬಾಕು ಮೂವತ್ತೈದು ವರ್ಷ ಬಿಟ್ಟಿರಲಿಲ್ಲ. 2025ರ ಜನವರಿಯಲ್ಲಿ ತೊಗರಿ ರಾಶಿ ಆಯಿತು. ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 7,550, ಅದರ ಮೇಲೆ ರಾಜ್ಯದ 450, ಕೂಡಿ 8,000 ರೂಪಾಯಿ. ಖರೀದಿ ಕೇಂದ್ರದಲ್ಲಿ ಹೆಸರು ಹಚ್ಚಿದ್ದೆ. ಪಾಳಿ ಬರಬೇಕು, ರೊಕ್ಕ ಖಾತೆಗೆ ಬೀಳಬೇಕು, ತಿಂಗಳೊಪ್ಪತ್ತಿನ ಮಾತು. ಅಷ್ಟರಲ್ಲಿ ಪೇಟೆಯ ದರವನ್ನೂ ನೋಡಿ ಬರೋಣವೆಂದು 12 ಕ್ವಿಂಟಲ್ ಹೇರಿಕೊಂಡು ಕಲಬುರಗಿಗೆ ಹೋದೆ. ಶಹಾಬಜಾರದಲ್ಲಿ ನನ್ನ ಚಿಕ್ಕಪ್ಪನ ಮಗನ ಮನೆ. ಮುಂಚೆಯೇ ಫೋನು ಮಾಡಿದ್ದ: "ಅಣ್ಣಾ, ದರ ಸೇರಲಿಲ್ಲಂದ್ರ ಇಲ್ಲಿ ತಂದು ಇಳಸು. ಒಂದು ಕೋಣಿ ಖಾಲಿ ಅದ. ಪಾಳಿ ಬಂದಾಗ ಒಯ್ದರಾಯ್ತು."

ಬೆಳಿಗ್ಗೆ ಗಡಿಬಿಡಿಯಲ್ಲಿ ತಂಬಾಕಿನ ಚೀಲ ಮನೆಯಲ್ಲೇ ಉಳಿದಿತ್ತು. ಗಂಜ್ ಮುಟ್ಟುವ ಹೊತ್ತಿಗೆ ತಲಬು ಹತ್ತಿ ತಲೆ ಗಿಮ್ಮೆನ್ನುತ್ತಿತ್ತು. ಹಮಾಲನ ಮೇಲೆ ಸಿಟ್ಟು, ಟ್ರ್ಯಾಕ್ಟರಿನವನ ಮೇಲೆ ಸಿಟ್ಟು. ಒಂದು ಅಡತಿ ಅಂಗಡಿಯ ಮುನೀಮ ನನ್ನ ಮುಖ ನೋಡಿದ್ದೇ ತಡ, "ಬರ್ರಿ ಗೌಡ್ರ, ಕುಂದ್ರಿ. ಏ ತಮ್ಮಾ, ಗೌಡ್ರಿಗೆ ಚಾ ತಾ, ಒಂದು ಚೀಟಿ ತಾ" ಅಂದ. ಚಹಾ ಬಂತು, ಚೀಟಿ ಬಂತು. ಬಾಯಿಗೆ ಹಾಕಿದೆ. ಜೀವ ಹಗುರಾಯಿತು. "ಟೆಂಡರು ಗಿಂಡರು ಯಾಕ ಕಾಯ್ತೀರಿ, 7,100ಕ್ಕ ಮುಗಸ್ರಿ, ರೊಕ್ಕ ಈಗೇ ಎಣಸ್ಕೋರಿ" ಅಂದ. ಮುಗಿಸಿದೆ. ಹತ್ತು ನಿಮಿಷ ಹಿಡಿಯಲಿಲ್ಲ. ಕ್ವಿಂಟಲಿಗೆ 900ರಂತೆ 10,800 ರೂಪಾಯಿ ಖೋತಾ.

ಸಂಜೆ ಶಹಾಬಜಾರಕ್ಕೆ ಹೋದಾಗ ತಮ್ಮ ಕೇಳಿದ: "ಯಾಕಣ್ಣಾ, ಕೋಣಿ ಝಾಡಿಸಿ ಇಟ್ಟಿದ್ನಲ್ಲ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಸಾಲದ ಕಂತು ಇತ್ತು, ಖರೆ. ಆದರೆ ಅದಕ್ಕೆ ಇನ್ನೂ ಒಂದೂವರೆ ತಿಂಗಳಿತ್ತು. ನಾನು ಯಾಕೆ ಮಾರಿದೆ? ಈ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ. ಓದಿದೆ, ಬಲ್ಲವರನ್ನು ಕೇಳಿದೆ. ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ನಿಕೋಟಿನ್ ಎಂಬುದು ತಂಬಾಕಿನ ಗಿಡ ಹುಳುಗಳಿಂದ ತನ್ನನ್ನು ಕಾಯ್ದುಕೊಳ್ಳಲು ತಯಾರಿಸುವ ವಿಷ. ನಮ್ಮ ಹಿರಿಯರು ತಂಬಾಕು ಕುದಿಸಿದ ನೀರನ್ನು ಬೆಳೆಗೆ ಹೊಡೆಯುತ್ತಿದ್ದುದು ಇದಕ್ಕೇ. ಬೀಡಿ ಸೇದಿದರೆ ಅದು 10-20 ಸೆಕೆಂಡಿನಲ್ಲಿ ಮಿದುಳು ಮುಟ್ಟುತ್ತದೆ. ಅಗಿದರೆ ಸಾವಕಾಶ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕುತ್ತೇವಲ್ಲ, ಆ ಸುಣ್ಣವೇ ನಿಕೋಟಿನ್ನನ್ನು ಬಾಯಿಯ ಒಳಚರ್ಮದಿಂದ ರಕ್ತಕ್ಕೆ ಬೇಗ ದಾಟಿಸುತ್ತದೆ. ಮಿದುಳಿನಲ್ಲಿ ಕೆಲವು ಬೀಗಗಳಿವೆ. ಅವು ನಮ್ಮ ದೇಹವೇ ತಯಾರಿಸುವ ಅಸಿಟೈಲ್‌ಕೋಲಿನ್ ಎಂಬ ಕೀಲಿಗೆ ತೆರೆಯುವಂಥವು. ನಿಕೋಟಿನ್ ಕಳ್ಳಕೀಲಿ. ಅದು ಹೊಕ್ಕು ತಿರುವಿದರೆ ಡೋಪಮಿನ್ ಎಂಬ ರಸ ಬಿಡುಗಡೆಯಾಗುತ್ತದೆ. "ಇದು ಒಳ್ಳೆಯದು, ಮತ್ತೆ ಮಾಡು" ಎಂದು ಮಿದುಳು ಒತ್ತುವ ಠಸ್ಸೆ ಅದು. ಹಸಿದಾಗ ಉಂಡ ರೊಟ್ಟಿಗೆ, ದುಡಿದು ಬಂದ ಬೆಳೆಗೆ ಬೀಳಬೇಕಾದ ಠಸ್ಸೆ ಇಲ್ಲಿ ಪುಕ್ಕಟೆ ಬೀಳುತ್ತದೆ.

ಇನ್ನೊಂದು ಮಾತು ಕೇಳಿ. ಎತ್ತಿಗೆ ದಿನಾ ಬುಟ್ಟಿಯಲ್ಲಿ ಹಿಂಡಿ ತಂದಿಡಿ. ಎಂಟು ದಿನ ಕಳೆಯಲಿ, ಹಿಂಡಿ ಬೇಡ, ಬುಟ್ಟಿಯ ಸಪ್ಪಳಕ್ಕೇ ಕಿವಿ ನಿಮಿರುತ್ತದೆ. ವೋಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿ 1990ರ ದಶಕದಲ್ಲಿ ಮಂಗಗಳ ಮಿದುಳಿನಲ್ಲಿ ಇದನ್ನೇ ಅಳೆದು ತೋರಿಸಿದ. ಹಣ್ಣಿನ ರಸ ಸಿಕ್ಕಾಗ ಏಳುತ್ತಿದ್ದ ಡೋಪಮಿನ್, ರೂಢಿಯಾದ ಮೇಲೆ ರಸಕ್ಕಲ್ಲ, ರಸ ಬರುತ್ತದೆಂಬ ಸೂಚನೆಗೇ ಏಳತೊಡಗಿತು. ನಿಕೋಟಿನ್ ಈ ಸೂಚನೆಗಳ ಬಲವನ್ನು ಮತ್ತೂ ಹೆಚ್ಚಿಸುತ್ತದೆ. ಚಹಾದ ಕಪ್ಪು, ಗೆಳೆಯನ ಕೈಯ ಚೀಟಿ, ಅಡತಿಯ ಗಾದಿ, ಇವೇ ನಮ್ಮ ಬುಟ್ಟಿಯ ಸಪ್ಪಳ. ನಾವು ತಲೆ ಓಡಿಸುವ ಮುಂಚೆಯೇ ಕೈ ಚಾಚಿರುತ್ತೇವೆ.

ದಿನಾ ತಿಂದರೆ ಆ ಬೀಗಗಳ ಸಂಖ್ಯೆಯೇ ಹೆಚ್ಚುತ್ತದೆ. ಬಾಯಿ ಹೆಚ್ಚಾದಷ್ಟು ಮೇವು ಹೆಚ್ಚು ಬೇಕು. ರಕ್ತದಲ್ಲಿನ ನಿಕೋಟಿನ್ ಸುಮಾರು ಎರಡು ತಾಸಿಗೆ ಅರ್ಧ ಇಳಿಯುತ್ತದೆ. ಆಗ ಸಿಡುಕು, ಚಡಪಡಿಕೆ, ಯಾವುದರಲ್ಲೂ ಮನಸ್ಸು ನಿಲ್ಲದು. ಮತ್ತೊಂದು ಚೀಟಿ ಹಾಕಿದರೆ ಹಾಯೆನಿಸುತ್ತದೆ. ಆ ಹಾಯಿ ಏನು? ಹಿಂದಿನ ಚೀಟಿ ಮಾಡಿದ ಗಾಯಕ್ಕೆ ಈ ಚೀಟಿಯ ಮುಲಾಮು. ಸಾವಕಾರನ ಹತ್ತಿರ ಹೊಸ ಸಾಲ ತಂದು ಅದೇ ಸಾವಕಾರನ ಬಡ್ಡಿ ಕಟ್ಟಿ "ಇವತ್ತು ನಿರಾಳ ಆಯ್ತು" ಅಂದಂತೆ. ಸಾಲದ ರುಚಿ ಕಂಡ ನಮಗೆ ಇದನ್ನು ಬೇರೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ದರದ ಮಾತಿಗೆ ಬರೋಣ. "ಇವತ್ತು ಇಷ್ಟು ತಗೋ, ಇಲ್ಲವೇ ಕಾದು ಹೆಚ್ಚು ತಗೋ" ಎಂದು ಕೇಳಿ ಜನರ ಆಯ್ಕೆಯನ್ನು ಅಳೆಯುವ ಪರೀಕ್ಷೆಗಳಿವೆ. ಸೇದುವವರು ಸೇದದವರಿಗಿಂತ ಹೆಚ್ಚಾಗಿ ಇವತ್ತಿನ ಕಮ್ಮಿಯನ್ನೇ ಆರಿಸುತ್ತಾರೆ ಎಂದು 1990ರ ದಶಕದಿಂದ ಮತ್ತೆ ಮತ್ತೆ ಕಂಡುಬಂದಿದೆ. ತಂಬಾಕು ಸಿಗದೆ ತಲಬು ಹತ್ತಿದಾಗ ಈ ಆತುರ ಹೆಚ್ಚುವುದೂ ಕಂಡಿದೆ. ಆತುರದವರೇ ತಂಬಾಕಿಗೆ ಬೀಳುತ್ತಾರೋ, ತಂಬಾಕೇ ಆತುರ ತರುತ್ತದೋ? ಎರಡೂ ಇದೆ ಅನ್ನುತ್ತಾರೆ ಬಲ್ಲವರು. ಆದರೆ ಬಿಟ್ಟವರ ಆಯ್ಕೆ ಎಂದೂ ಸೇದದವರ ಆಯ್ಕೆಗೆ ಹತ್ತಿರ ಬಂದಿರುವುದೂ ಅದೇ ಪರೀಕ್ಷೆಗಳಲ್ಲಿದೆ.

ಬಂಧುಗಳೇ, ನಮ್ಮ ಹೋರಾಟವೆಲ್ಲ ಏನು? ಕಾಯುವ ತಾಕತ್ತಿನ ಹೋರಾಟ. ವ್ಯಾಪಾರಿಗೆ ಗೋದಾಮು ಇದೆ, ಬ್ಯಾಂಕು ಇದೆ, ಅವನು ಕಾಯಬಲ್ಲ. ನಾವು ಕಾಯಲಾರೆವು, ಅದಕ್ಕೇ ಸೋಲುತ್ತೇವೆ. ಗೋದಾಮು ಕೊಡಿ, ರಸೀದಿಯ ಮೇಲೆ ಅಡಮಾನ ಸಾಲ ಕೊಡಿ ಎಂದು ಕೇಳುವುದು ಈ ಕಾರಣಕ್ಕೆ. ಗೋದಾಮು ಸಿಕ್ಕೀತು. ತಲೆಯೇ ಎರಡು ತಾಸು ಕಾಯಲಾರದಂತಾದರೆ ಆ ಗೋದಾಮು ಏನು ಮಾಡೀತು? ಶಹಾಬಜಾರದ ಆ ಕೋಣೆ ಖಾಲಿಯೇ ಇತ್ತಲ್ಲ!

"ಏನ್ರೀ, ಸರ್ಕಾರದ ತಪ್ಪು ಬಿಟ್ಟು ರೈತನ ಚಟಕ್ಕೆ ಬೆರಳು ಮಾಡ್ತೀರಿ?" ಎಂದು ನಮ್ಮವರೇ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದೇ 2025ರ ಜನವರಿಯಲ್ಲಿ, ನಮ್ಮ ರಾಶಿ ಕಣದಲ್ಲಿದ್ದಾಗಲೇ, ಕೇಂದ್ರ ಸರ್ಕಾರ ಸುಂಕವಿಲ್ಲದ ತೊಗರಿ ಆಮದನ್ನು 2026ರ ಮಾರ್ಚ್ ತನಕ ಮುಂದುವರಿಸಿತು. ದರ ಬಿದ್ದದ್ದು ನನ್ನ ಚೀಟಿಯಿಂದಲ್ಲ. ಸಾಲವೂ ತಲೆ ತಿನ್ನುತ್ತದೆ. ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿನ ಮುಂಚೆ, ಕೈ ಬರಿದಾಗಿದ್ದಾಗ, ಮತ್ತು ಕಟಾವಿನ ನಂತರ ಪರೀಕ್ಷಿಸಿದರು. ಅದೇ ಮನುಷ್ಯ ಬಡತನದ ತಿಂಗಳಲ್ಲಿ ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದ, ರೊಕ್ಕ ಬಂದ ಮೇಲೆ ಚೇತರಿಸಿಕೊಂಡ. ಇದು 2013ರಲ್ಲಿ ಪ್ರಕಟವಾಯಿತು. ಅಂದರೆ ರೈತ ದಡ್ಡನಲ್ಲ, ಅವನ ತಲೆಯ ಮೇಲೆ ಹೊರೆ ಇದೆ. ಸಾಲದ ಹೊರೆಯನ್ನು ಸರ್ಕಾರ ಇಳಿಸಬೇಕು, ಅದಕ್ಕೆ ಚಳವಳಿ. ಆದರೆ ಆ ಹೊರೆಯ ಮೇಲೆ ನಾವೇ ರೊಕ್ಕ ಕೊಟ್ಟು ಇನ್ನೊಂದು ಮೂಟೆ ಹೇರಿಕೊಳ್ಳುವುದು ಯಾವ ಸಂಪತ್ತಿಗೆ?

ಲೆಕ್ಕ ನೋಡಿ. ನನಗೆ ದಿನಕ್ಕೆ 40 ರೂಪಾಯಿ ಹೋಗುತ್ತಿತ್ತು. ವರ್ಷಕ್ಕೆ 14,600. ಬೆಂಬಲ ಬೆಲೆಯಲ್ಲಿ ಹೆಚ್ಚು ಕಡಿಮೆ ಎರಡು ಕ್ವಿಂಟಲ್ ತೊಗರಿ. ಎರಡು ಕ್ವಿಂಟಲ್ ತೊಗರಿ ಅಗಿದು ಉಗುಳಿದ್ದೇನೆ ನಾನು!

ಈ ರೊಕ್ಕ ತಿಂದವರಿಗೆ ಎಲ್ಲ ಗೊತ್ತಿತ್ತು. ನಾವು ಮಾರುವುದು ಚಟ ಹಿಡಿಸುವ ನಿಕೋಟಿನ್ ಎಂದು ಅಮೆರಿಕದ ಒಂದು ಸಿಗರೇಟು ಕಂಪನಿಯ ವಕೀಲನೇ 1963ರಲ್ಲಿ ಒಳಪತ್ರದಲ್ಲಿ ಬರೆದಿದ್ದ. 1994ರ ಏಪ್ರಿಲಿನಲ್ಲಿ ಏಳು ಕಂಪನಿಗಳ ಮುಖ್ಯಸ್ಥರು ಅಲ್ಲಿನ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ, ನಿಕೋಟಿನ್ ಚಟ ಹಿಡಿಸುತ್ತದೆಂದು ನಾವು ನಂಬುವುದಿಲ್ಲ ಅಂದರು. ಇಲ್ಲಿಯವರೇನು ಕಡಿಮೆಯೇ? 2013ರ ಮೇ ಕೊನೆಗೆ ಕರ್ನಾಟಕ ಗುಟಕಾ ನಿಷೇಧಿಸಿತು. ಗುಟಕಾ ಹೋಯಿತು, ಜೋಡಿ ಚೀಟಿ ಬಂತು. ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಕಲಸುವ ಕೆಲಸ ನಮ್ಮ ಅಂಗೈಗೆ. ಕಾನೂನಿಗೆ ಟೊಪ್ಪಿಗೆ, ನಮಗೆ ಕ್ಯಾನ್ಸರ್. 2016-17ರ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15 ವರ್ಷ ಮೇಲ್ಪಟ್ಟ ನೂರು ಜನರಲ್ಲಿ ಸುಮಾರು 23 ಮಂದಿ ತಂಬಾಕು ಬಳಸುತ್ತಿದ್ದರು.

ಹಾಗಾದರೆ ತಂಬಾಕು ಬೆಳೆಯುವ ರೈತ? ಅವನೂ ನಮ್ಮ ಅಣ್ಣತಮ್ಮನೇ. ನಿಪ್ಪಾಣಿಯಲ್ಲಿ ತಂಬಾಕು ಬೆಳೆಗಾರರು ಬೆಲೆ ಕೇಳಿ ಹೆದ್ದಾರಿಯಲ್ಲಿ ಕುಂತರು. 1981ರ ಏಪ್ರಿಲ್ 6ರಂದು ಪೊಲೀಸರ ಗುಂಡಿಗೆ ರೈತರು ಸತ್ತರು. ಬೆಳೆದವನಿಗೆ ಗುಂಡು, ತಿಂದವನಿಗೆ ಹುಣ್ಣು, ನಡುವಿನವನಿಗೆ ಬಂಗಲೆ. ಆ ರೈತನಿಗೆ ಬೇರೆ ಬೆಳೆಯ ಖಾತ್ರಿ ಬೆಲೆ ಕೊಡಿಸುವುದೂ ನಮ್ಮದೇ ಬೇಡಿಕೆಯಾಗಬೇಕು. ಅವನ ಹೊಟ್ಟೆಯ ನೆಪದಲ್ಲಿ ನಮ್ಮ ಮಕ್ಕಳ ಬಾಯಿಗೆ ಚೀಟಿ ಹಾಕಲಾಗದು. ಹರೆಯದ ಮಿದುಳು ಇನ್ನೂ ಬಲಿಯುತ್ತಿರುತ್ತದೆ, ಚಟ ಅಲ್ಲಿ ಬೇಗ ಬೇರು ಬಿಡುತ್ತದೆ. ನನ್ನದು ಹೈಸ್ಕೂಲಿನಲ್ಲೇ ಬೇರು ಬಿಟ್ಟಿತ್ತು.

ಏನು ಮಾಡೋಣ?

ಒಂದು: ಮಾಲು ಒಯ್ದ ದಿನವೇ ಮಾರಬಾರದು. ಒಂದು ರಾತ್ರಿ ಮಲಗಿ ಎದ್ದು ಪಟ್ಟಿಗೆ ಸಹಿ ಹಾಕಬೇಕು. ಅಡತಿಯ ಪುಕ್ಕಟೆ ಚೀಟಿ ಮುಟ್ಟಬಾರದು. ಅದು ಪುಕ್ಕಟೆ ಅಲ್ಲ, ನನಗೆ 10,800 ಬಿತ್ತು.

ಎರಡು: ಖರೀದಿ ಕೇಂದ್ರದ ರೊಕ್ಕ ವಾರದೊಳಗೆ ಖಾತೆಗೆ ಬೀಳಬೇಕು, ಗೋದಾಮಿನ ರಸೀದಿಗೆ ಅದೇ ದಿನ ಅಡಮಾನ ಸಾಲ ಸಿಗಬೇಕು. ಇದಕ್ಕೆ ಊರೂರಲ್ಲಿ ಠರಾವು ಮಾಡಿ ಕಳಿಸೋಣ.

ಮೂರು: ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕಾಯ್ದೆ ಹೇಳುತ್ತದೆ. ಆ ಗಜ ಹಿಡಿದು ನಾವೇ ಅಳೆಯೋಣ.

ನಾಲ್ಕು: ಸಂಘದ ಸಭೆಯಲ್ಲಿ ಚೀಟಿ, ಬೀಡಿ ಬೇಡ. ಬಿಡುವವರು 1800-11-2356ಕ್ಕೆ ಫೋನು ಮಾಡಿದರೆ ಪುಕ್ಕಟೆ ಸಲಹೆ ಸಿಗುತ್ತದೆ. ಮೊದಲ ಮೂರು ದಿನ ಕಠಿಣ. ಮೂರು ನಾಲ್ಕು ವಾರಕ್ಕೆ ಸಿಡುಕು ಇಳಿಯುತ್ತದೆ. ನಾನು ಎರಡು ಸಲ ಸೋತೆ, ಮೂರನೆಯ ಸಲ ಬಿಟ್ಟೆ. ಮನೆಯಾಕಿ "ಈಗ ನಿಮ್ಮ ಕೂಡ ಮಾತಾಡ್ಲಿಕ್ಕೆ ಬರ್ತದ ನೋಡ್ರಿ" ಅಂದಳು.

ಹೊರಗಿನ ದಲಾಲಿಯನ್ನು ಒದ್ದೋಡಿಸಲು ಚಳವಳಿ ಬೇಕು, ನೂರು ಊರು ಸೇರಬೇಕು. ಕಿಸೆಯೊಳಗಿನ ದಲಾಲಿಯನ್ನು ಎತ್ತಿ ಒಗೆಯಲು ಒಂದು ಕೈ ಸಾಕು. ಶಹಾಬಜಾರದ ಆ ಕೋಣೆಯನ್ನು ತಮ್ಮ ಈ ವರ್ಷವೂ ಝಾಡಿಸಿ ಇಡುತ್ತೇನೆ ಅಂದಿದ್ದಾನೆ. ಈ ಸಲ ನನ್ನ ಚೀಲಗಳು ಅಲ್ಲಿ ಇಳಿಯುತ್ತವೆ. ನಿಮ್ಮವು?